ಕೀಬೋರ್ಡು ಮತ್ತು ಉಪ್ಪಿಟ್ಟು

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡು, 2003ರ ಒಂದು ಭಾನುವಾರ. ನಾನು ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದವರು ಹೆಣ್ಣು ನೋಡಿ ಬಂದ ಹುಡುಗ ಮತ್ತು ಅವನ ಅಕ್ಕ.

“ಯಾಕ್ಲಾ ಮನು, ಮೊಕ ಇಂಗ್ ಮಾಡ್ಕಂಡಿದ್ದೀಯ? ಹುಡ್ಗಿ ಒಪ್ಗೆ ಆಗ್ಲಿಲ್ವಾ?”

“ಒಪ್ಗೆನೇ. ನಾಚ್ಕೆ ಆಯ್ತೈತೆ ಕಣಕ್ಕ.”

“ನಾಚ್ಕೆ ಯಾಕ್ಲಾ? ಕಂಪ್ಯೂಟರ್ ನಡ್ಸೋ ಆಪರೇಟಿಂಗ್ ಸಿಸ್ಟಮ್ಮನ್ನೇ ಬಿಡುವಿನಲ್ಲಿ ಒಬ್ನೇ ಕೂತು ಬರ್ದೆ ಅಂತ ನೀನಂದಾಗ ಅವ್ರಪ್ಪ ಎಷ್ಟು ಖುಷಿಪಟ್ರು!”

“ಒಬ್ನೇ ಬರ್ದಿದ್ದಲ್ಲ. ಯಾರು ಬೇಕಾದ್ರೂ ನೋಡಿ ತಿದ್ಲಿ ಅಂತ ಇಂಟರ್ನೆಟ್ಟಿಗೆ ಹಾಕಿದ್ದೆ. ಕೀಬೋರ್ಡ್ ಒತ್ತಿದ್ರೆ ಅಕ್ಷರನೇ ಬತ್ತಿರ್ಲಿಲ್ಲ. ಯಾರೋ ಅದನ್ನ ಸರಿಮಾಡಿ ಕಳ್ಸಿದ್ರು. ಅವ್ರ ಹೆಸ್ರು ಹಾಕ್ದೆ ಸೇರಿಸ್ಕಂಡ್ಬುಟ್ಟೆ.”

“ಎಲ್ಲಿಯೋರೋ ಏನೋ. ಅವ್ರಿಗೇನ್ ಗೊತ್ತಾಯ್ತದೆ, ಬುಡು.”

“ಕಾಫಿ ಕೊಡೋವಾಗ ಆ ಹುಡ್ಗಿ ಮೆಲ್ಲಗೆ ಕೇಳಿದ್ಲು. ‘ನಾನು ಕಳ್ಸಿದ್ಮೇಲೆ ಕೀಬೋರ್ಡ್ ಸರಿಹೋಯ್ತಾ?’ ಅಂತ.”

ಅಕ್ಕ ಅವನತ್ತ ತಿರುಗಿ ಕೂತಳು.

“ಅಂಗಾರೆ ಸರಿಮಾಡಿ ಕಳ್ಸಿದ್ದು ಅವ್ಳೇನಾ? ಅದ್ಕೆ ನೀನೇನಂದೆ?”

“ಉಪ್ಪಿಟ್ಟು ಚೆನ್ನಾಗೈತೆ ಅಂದೆ.”

“ಥೂ ನಿನ್ನ! ಅದ್ಕೇ ಏನ್ಲಾ ಅವ್ಳು ಎಲ್ರ ಮುಂದೆ ಅಂಗಂದಿದ್ದು? ಅವ್ರಮ್ಮ ಪಾಪ, ಮಗಳ ಕೈರುಚಿ ಅಂತ ಹೊಗಳ್ತಾ ಕೂತಿದ್ರು. ‘ನಾನು ಮಾಡಿದ್ದಲ್ಲ, ಅತ್ತಿಗೆ ಮಾಡಿದ್ದು’ ಅಂದ್ಬುಟ್ಲಲ್ಲ!”

“ನನ್ನೇ ನೋಡ್ಕೊಂಡು ಅಂದ್ಲು ಕಣಕ್ಕ.”

ಹಾಸನದ ಬಸ್ಸು ಬಂತು. ಒಳಗೆ ಅರ್ಧಕ್ಕರ್ಧ ಸೀಟು ಖಾಲಿಯಿದ್ದವು. ಅಕ್ಕ ಹೋಗಿ ಕಿಟಕಿ ಪಕ್ಕ ಕೂತು, ತನ್ನ ಬದಿಯ ಜಾಗವನ್ನು ಕೈಯಿಂದ ತಟ್ಟಿ ಕರೆದಳು. ಹಿಂದೆಯೇ ಹತ್ತಿದ ಅವನು ಬಸ್ಸು ಹೊರಟರೂ ಕಂಬ ಹಿಡಿದು ನಿಂತೇ ಇದ್ದ.