ಇಲ್ಲದವಳಿಗೆ ಹೊಲಿದ ಕೋಟು

ಮೊದಲು ನಿಮ್ಮ ಫೋನೆಲ್ಲ ಬೋರಲು ಹಾಕಿ. ಹೂಂ, ನಿಂದೂ. ಇದನ್ನ ಹೇಳುವಾಗ ಯಾವುದಾದರೂ ಒಂದು ರಿಂಗಾದರೆ ನನಗೆ ಮೈ ಜುಂ ಅನ್ನುತ್ತೆ… ಆಮೇಲೆ ನಾನು ಮುಂದಕ್ಕೆ ಹೇಳೋದಿಲ್ಲ.

ಇದು ಎಲ್ಲೋ ಯಾರಿಗೋ ಆದದ್ದಲ್ಲ. ನನ್ನ ಸ್ವಂತ ಚಿಕ್ಕಮ್ಮನ ಮಗನಿಗೆ ಆದದ್ದು.

ಅವತ್ತು ರಾತ್ರಿ ಅವನು ಒಬ್ಬನೇ ನಡೆದುಕೊಂಡು ಮನೆಗೆ ಬರ್ತಿದ್ದ. ಅಂಗಡಿಗಳೆಲ್ಲ ಮುಚ್ಚಿದ್ದವು. ದೊಡ್ಡ ರಸ್ತೆಯಲ್ಲಿ ಬಂದರೆ ಹತ್ತಿರ, ದೀಪಾನೂ ಇದೆ. ಆದರೆ ಆ ರಸ್ತೆಯಲ್ಲಿ ಟೈಲರಮ್ಮನ ಕಿಟಕಿ ಇದೆ. ಆ ಕಿಟಕಿಯ ಮುಂದೆ ಹಾಯಬಾರದು ಅಂತ ಅವನು ಹಳೇ ಬಾವಿಯ ಪಕ್ಕದ ಗಲ್ಲಿ ಹಿಡಿದ. ಅಲ್ಲಿ ಒಂದೇ ಒಂದು ದೀಪ, ಅದೂ ಜೀವ ಹೋಗೋ ಹಾಗೆ ಮಿಣ್ ಮಿಣ್ ಅಂತ. ಬಾವಿಯ ರಾಟೆ ಗಾಳಿಗೆ ಕಿರ್ರ್… ಅಂದು ನಿಲ್ಲೋದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಿರ್ರ್…

ಟೈಲರಮ್ಮನ ಕಿಟಕಿ ಯಾಕೆ ತಪ್ಪಿಸಬೇಕು ಅಂತೀರಾ? ಅದನ್ನ ಹೇಳದೆ ಹೋದರೆ ನಿಮಗೆ ತಲೆಬುಡ ಗೊತ್ತಾಗಲ್ಲ. ತಡೀರಿ.

ಇವನನ್ನ ನಾವೆಲ್ಲ 'ಕಂಪನಿ' ಅಂತಲೇ ಕರೆಯೋದು. ಎರಡು ಮಾತಿಗೊಮ್ಮೆ 'ನಮ್ಮ ಕಂಪನಿ' ಅನ್ನೋನು, ಅದಕ್ಕೆ. ಕಂಪನಿ ಅಂದರೆ ಏನು? ಚಿಕ್ಕಮ್ಮನ ಮನೆ ಮಹಡಿ ಮೇಲಿನ ಒಂದು ರೂಮು, ಒಂದು ಲ್ಯಾಪ್‌ಟಾಪು, ಒಂದು ತಿರುಗೋ ಕುರ್ಚಿ. ಯಜಮಾನನೂ ಅವನೇ, ಗುಮಾಸ್ತನೂ ಅವನೇ. ಕಸ ಗುಡಿಸೋದು ಮಾತ್ರ ಚಿಕ್ಕಮ್ಮ.

ಕೆಲಸ ಏನಪ್ಪ ಅಂದರೆ, ಜನರ ವೆಬ್‌ಸೈಟುಗಳಿಗೆ ಜಾಗ ಕೊಡೋದು. ಸೈಟು ಅನ್ನೋದು ಹಗಲೂ ರಾತ್ರಿ ಆರದೆ ಓಡೋ ಯಾವುದೋ ಕಂಪ್ಯೂಟರಿನೊಳಗೆ ಇರಬೇಕಲ್ಲ? ಅದಕ್ಕೆ ಸರ್ವರ್ ಅಂತಾರೆ. ಇವನ ಹತ್ತಿರ ಅಂಥದ್ದು ಒಂದೂ ಇರಲಿಲ್ಲ. ದೂರದ ಯಾವುದೋ ಕಂಪನಿಯಿಂದ ಒಟ್ಟಿಗೆ ಜಾಗ ಬಾಡಿಗೆಗೆ ಹಿಡಿದು, ಅದನ್ನ ಚೂರು ಚೂರು ಮಾಡಿ, ತನ್ನ ಬೋರ್ಡು ಹಾಕಿ, ಒಳಬಾಡಿಗೆಗೆ ಕೊಡ್ತಿದ್ದ. ಅದರಲ್ಲಿ ತಪ್ಪಿಲ್ಲ ಬಿಡಿ, ಎಷ್ಟೋ ಜನ ಮಾಡ್ತಾರೆ, ಚೆನ್ನಾಗೇ ಮಾಡ್ತಾರೆ. ಇವನು ಮಾತ್ರ ಯಾರಿಗೂ ನಿಜ ಹೇಳಲಿಲ್ಲ. ಹಲ್ಲಿನ ಡಾಕ್ಟರು ಕೇಳಿದರೂ 'ನಮ್ಮದೇ ಸರ್ವರ್ ಸಾರ್'. ಡ್ರೈವಿಂಗ್ ಸ್ಕೂಲಿನವರು ಕೇಳಿದರೂ 'ನಮ್ಮದೇ'. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವನಿಗೆ ಹಾಸಿಗೆಯೇ ಕಂಡವರದು.

ರಾತ್ರಿ ಸೈಟು ನಿಂತುಹೋಗಿ ಯಾರಾದರೂ ಫೋನ್ ಮಾಡಿದರೆ 'ನಾನೊಬ್ಬನೇ ಇರೋದು, ನನಗೂ ಗೊತ್ತಾಗ್ತಿಲ್ಲ' ಅನ್ನೋಕೆ ಇವನಿಗೆ ನಾಚಿಕೆ. ಅದಕ್ಕೆ ಒಂದು ಉಪಾಯ ಮಾಡಿದ್ದ. 'ಒಂದು ನಿಮಿಷ, ನಮ್ಮ ರಾತ್ರಿ ಪಾಳಿಯ ಮೇಡಂನ ಕೇಳ್ತೀನಿ' ಅನ್ನೋನು. ಫೋನನ್ನ ಕೀಬೋರ್ಡಿನ ಹತ್ತಿರ ಹಿಡಿದು ತಾನೇ ಒತ್ತೋನು. ಟಕ್… ಟಕ್ ಟಕ್… ಟಕ್. ಆಮೇಲೆ, 'ಮೇಡಂ ನೋಡ್ತಾ ಇದ್ದಾರೆ. ಬೆಳಿಗ್ಗೆಯೊಳಗೆ ಸರಿಹೋಗುತ್ತೆ.'

ಮೇಡಂ ಇಲ್ಲ, ಗೀಡಂ ಇಲ್ಲ. ಆದರೆ ಜನ ನಂಬಿದರು.

ಎಲ್ಲರಿಗಿಂತ ಹೆಚ್ಚು ನಂಬಿದವರು ಟೈಲರಮ್ಮ. ಅವರು ಹೊಲಿಯೋದು ಅಂಗಡಿ ಬಟ್ಟೆ ಹಿಡಿಸದ ಮೈಗಳಿಗೆ. ಬೆನ್ನು ಬಾಗಿದವರು, ಒಂದು ಕೈ ಗಿಡ್ಡ ಇರೋರು, ಗಾಲಿಕುರ್ಚಿಯಲ್ಲೇ ಕೂತಿರೋ ಮಕ್ಕಳು. ಒಬ್ಬೊಬ್ಬರಿಗೂ ಬಟ್ಟೆ ಹೇಗೆ ಕತ್ತರಿಸಬೇಕು ಅಂತ ಅವರು ಜೀವಮಾನವಿಡೀ ಬರೆದಿಟ್ಟ ನಕ್ಷೆಗಳು ಒಂದು ಟ್ರಂಕು ತುಂಬ ಇದ್ದವು. ಬರ್ತಾ ಬರ್ತಾ ಕಣ್ಣು ಮಂಜಾಯಿತು. ಹೊಲಿಗೆ ಕೈಗೇ ಗೊತ್ತು, ಆದರೆ ಸಣ್ಣ ಗೆರೆ ಎಳೆಯೋಕೆ ಕಣ್ಣು ಬೇಕಲ್ಲ. ತಾವು ಹೋಗೋದರೊಳಗೆ ಇದು ನಾಲ್ಕು ಜನ ತಾಯಂದಿರಿಗೆ ಸಿಗಲಿ ಅಂತ ಸೈಟು ಮಾಡಿಸಿದರು. ನಮ್ಮ ಕಂಪನಿಯೇ ಕೂತು ಅಷ್ಟನ್ನೂ ಸ್ಕ್ಯಾನ್ ಮಾಡಿ ಹಾಕಿಕೊಟ್ಟ. ಎಲ್ಲೆಲ್ಲಿಯ ತಾಯಂದಿರೋ ಅದನ್ನ ನೋಡಿ ತಮ್ಮ ಮಕ್ಕಳಿಗೆ ಹೊಲಿಯೋಕೆ ಶುರುಮಾಡಿದರು.

"ಕಾಗದ ಎಲ್ಲ ಏನ್ಮಾಡ್ಲಪ್ಪ?" ಅಂತ ಟೈಲರಮ್ಮ ಕೇಳಿದರು.

"ಗೆದ್ದಲು ತಿನ್ನೋಕೆ ಯಾಕಮ್ಮ ಇಟ್ಕೊಳ್ತೀರಾ? ನಮ್ಮ ಹತ್ರ ದಿನಾ ನಕಲು ಆಗುತ್ತೆ. ಭೂಕಂಪ ಆದ್ರೂ ಹೋಗಲ್ಲ."

ಅವರು ಟ್ರಂಕು ಖಾಲಿ ಮಾಡಿ ರದ್ದಿಗೆ ಹಾಕಿದರು. ಇವನು ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದು ಅಂತ ತನ್ನ ಹತ್ತಿರ ಇದ್ದದ್ದನ್ನೂ ಅಳಿಸಿದ. ದಿನಾ ಆಗ್ತಿದ್ದ ನಕಲು ಎಲ್ಲಿ ಕೂರ್ತಿತ್ತು ಗೊತ್ತಾ? ಅದೇ ಸರ್ವರಿನಲ್ಲಿ. ಮನೆಯ ಬೀಗದಕೈನ ಅದೇ ಮನೆಯೊಳಗೆ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಚಳಿ ಶುರುವಾದಾಗ ಟೈಲರಮ್ಮ ಇವನಿಗೆ ಫೋನ್ ಮಾಡಿದರು.

"ಆ ಹುಡುಗಿ ರಾತ್ರಿಯೆಲ್ಲ ನಿದ್ದೆಗೆಟ್ಟು ಕೂತಿರ್ತಾಳಲ್ಲ… ಅವಳಿಗೊಂದು ಕೋಟು ಹೊಲೀತೀನಿ. ಅಳತೆ ಹೇಳು."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬಾಯಿಗೆ ಬಂದ ಅಂಕಿ ಹೇಳಿದ. ಎದೆ ಇಷ್ಟು, ಭುಜ ಇಷ್ಟು, ತೋಳು ಇಷ್ಟು. ಟೈಲರಮ್ಮ ಮೆಲ್ಲಗೆ ಕೇಳಿದರು.

"ತೋಳು… ಅಷ್ಟುದ್ದನಾ ಮಗಾ?"

"ಹೂಂ ಅಮ್ಮ."

"ಪಾಪ. ಅಂಗಡೀಲಿ ಯಾವ ಬಟ್ಟೆಯೂ ಆಗಿರಲ್ಲ ಅವಳಿಗೆ. ನಾನಿದ್ದೀನಲ್ಲ ಬಿಡು."

ಬೂದು ಬಣ್ಣದ ಉಣ್ಣೆ ಕೋಟು ಬಂತು. ಒಳಗೆ ಮೆತ್ತನೆ ಅಸ್ತರು. ತೋಳು ಮೊಣಕಾಲು ದಾಟೋಷ್ಟು ಉದ್ದ. ಇವನು ಅದನ್ನ ರೂಮಿನ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ. ಬಾಗಿಲು ಹಾಕಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತೆ ಅಂತ ಆಮೇಲೆ ಬಾಗಿಲನ್ನೇ ಹಾಕ್ತಿರಲಿಲ್ಲ.

ಒಂದು ಸಂಜೆ ಎಲ್ಲ ಸೈಟೂ ಒಟ್ಟಿಗೆ ಹೋದವು. ಇವನು ಜಾಗ ಬಾಡಿಗೆಗೆ ಹಿಡಿದಿದ್ದ ಕಂಪನಿಗೆ ಬರೆದ, ಮತ್ತೆ ಬರೆದ. ಉತ್ತರ ಬಂತು. 'ನಮ್ಮ ರಾತ್ರಿ ತಂಡ ನೋಡುತ್ತಿದೆ. ಬೆಳಿಗ್ಗೆಯೊಳಗೆ ಸರಿಹೋಗುತ್ತದೆ.'

ಅದನ್ನ ಓದಿದ, ಮತ್ತೊಮ್ಮೆ ಓದಿದ. ತನ್ನದೇ ಮಾತು. ಅಲ್ಲೂ ಯಾರೂ ಇಲ್ಲ ಅಂತ ಆಗ ಗೊತ್ತಾಯಿತು. ಆ ಕಂಪನಿಯೂ ಇನ್ನೊಬ್ಬರಿಂದ ಬಾಡಿಗೆಗೆ ಹಿಡಿದು ಇವನಿಗೆ ಕೊಟ್ಟಿತ್ತು. ಮಾರನೇ ದಿನ ಅದರ ಸೈಟೂ ಇಲ್ಲ, ಫೋನೂ ಇಲ್ಲ. ಡಾಕ್ಟರು, ಡ್ರೈವಿಂಗ್ ಸ್ಕೂಲಿನವರು ಬಾಯಿಗೆ ಬಂದ ಹಾಗೆ ಬೈದರು. ಬೈಯಲಿ, ಅವರ ಹತ್ತಿರ ತಮ್ಮ ಫೋಟೋ, ತಮ್ಮ ಬರಹ ಇದ್ದವು, ಮತ್ತೆ ಕಟ್ಟಿಕೊಳ್ತಾರೆ. ಟೈಲರಮ್ಮ ಬೈಯಲಿಲ್ಲ. "ಆ ಹುಡುಗಿ ನೋಡ್ತಾ ಇದ್ದಾಳಲ್ಲ, ಸರಿಮಾಡ್ತಾಳೆ" ಅಂದರು. ಇವನು "ಹೂಂ ಅಮ್ಮ, ನೋಡ್ತಾ ಇದ್ದಾಳೆ" ಅಂದ. ದಿನಾ ಅದೇ ಸುಳ್ಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಹಗಲೆಲ್ಲ ಎಲ್ಲೋ ಅಡಗಿದ್ದು ರಾತ್ರಿ ಮನೆಗೆ ಬರೋನು.

ಈಗ ಗೊತ್ತಾಯಿತಲ್ಲ ಬಾವಿ ಗಲ್ಲಿ ಯಾಕೆ ಅಂತ.

ಬಾವಿಯ ಹತ್ತಿರ ಬಂದ. ರಾಟೆ ಕಿರ್ರ್… ಅಂದು ನಿಂತಿತು. ಆಮೇಲೆ ಬೇರೆ ಸದ್ದು.

ಟಕ್… ಟಕ್ ಟಕ್… ಟಕ್.

ಇವನು ತಿರುಗಿ ನೋಡಿದ. ಬಾವಿಕಟ್ಟೆಯ ಆಚೆ ಯಾರೋ ನಿಂತಿದ್ದರು. ಮುಖ ಕಾಣದು. ನೆರಳಿನ ಕೈಗಳು ಮಾತ್ರ… ಮೊಣಕಾಲಿನ ಕೆಳಗೆ ಇಳಿದಿದ್ದವು. ಉಗುರು ಕಲ್ಲಿನ ಮೇಲೆ ಆಡ್ತಿತ್ತು. ಟಕ್… ಟಕ್.

"ಯಾ… ಯಾರು?"

"ರಾತ್ರಿ ಪಾಳಿ ಅಣ್ಣ."

ಹೆಂಗಸಿನ ದನಿ. ನಿದ್ದೆಗೆಟ್ಟ ದನಿ.

"ಎಲ್ಲಾರೂ ನನ್ನನ್ನೇ ಕೇಳ್ತಿದ್ದಾರೆ… ನಿಜ ಹೇಳಿಬಿಡ್ಲಾ?"

ಇಲ್ಲಿ ಅವನು ಏನಂದ ಅನ್ನೋದನ್ನ ಅವನು ಯಾರಿಗೂ ಹೇಳಿರಲಿಲ್ಲ. ನನಗೊಬ್ಬಳಿಗೇ ಹೇಳಿದ್ದು, ಅದೂ ಗೋಡೆ ಕಡೆ ತಿರುಗಿಕೊಂಡು. ಓಡಲಿಲ್ಲ. ಕೂಗಲಿಲ್ಲ. ಪಿಸುಗುಟ್ಟಿದ…

"ಹೇಳು. ನನ್ನ ತಪ್ಪು ಅಂತ ಮಾತ್ರ ಹೇಳ್ಬೇಡ."

"ಹೂಂ ಅಣ್ಣ."

ಅಷ್ಟೇ. ನೋಡ್ತಾನೆ, ಬಾವಿಯ ಹತ್ತಿರ ಯಾರೂ ಇಲ್ಲ. ಮನೆಗೆ ಬಂದು ರೂಮಿಗೆ ಹೋಗಿ ಬಾಗಿಲು ಎಳೆದು ನೋಡಿದ. ಮೊಳೆ ಖಾಲಿ.

ಬೆಳಿಗ್ಗೆ ಫೋನ್ ಆನ್ ಮಾಡಿದ ಕೂಡಲೇ ಕರೆಗಳು ಶುರುವಾದವು. ಯಾರೂ ಬೈಯುತ್ತಿಲ್ಲ. "ರಾತ್ರಿ ನಿಮ್ಮ ಮೇಡಂ ಫೋನ್ ಮಾಡಿದ್ರು. ನಕಲೂ ಇಲ್ಲ, ಏನೂ ಇಲ್ಲ ಅಂತ ನೇರವಾಗಿ ಹೇಳಿದ್ರು. ಅಳ್ತಿದ್ರು ಪಾಪ. ಇರ್ಲಿ ಬಿಡಿ." ಹಲ್ಲಿನ ಡಾಕ್ಟರಂತೂ "ಅಂಥವರನ್ನ ಕಳ್ಕೋಬೇಡಿ" ಅಂದರಂತೆ. ಯಾವ ನಂಬರಿನಿಂದ ಬಂತು ಅಂತ ಕೇಳಿದರೆ, ಇವನದೇ ನಂಬರು. ಇವನ ಫೋನು ರಾತ್ರಿಯಿಡೀ ಇವನ ದಿಂಬಿನ ಕೆಳಗೆ ಆಫಾಗಿ ಬಿದ್ದಿತ್ತು.

ನನ್ನ ಮನೆಗೆ ಓಡಿಬಂದ. "ಅಕ್ಕಾ, ಟೈಲರಮ್ಮನ ಹತ್ರ ಹೋಗ್ಬೇಕು. ಒಬ್ಬನೇ ಹೋಗೋಕೆ ಆಗಲ್ಲ. ನೀನೂ ಬಾ." ನಾನು ಚೆನ್ನಾಗಿ ಉಗಿದೆ. ಆದರೂ ಹೋದೆ. ಹಗಲು ಹೊತ್ತು ಕಣ್ರೇ, ನೆತ್ತಿ ಮೇಲೆ ಸೂರ್ಯ. ಅದಕ್ಕೇ ನಾನು ಇದನ್ನ ನಂಬಿರೋದು.

ಟೈಲರಮ್ಮ ಮಂಚದ ಮೇಲೆ ಕೂತು ಯಾವುದೋ ಮಗುವಿನ ಅಂಗಿಯ ಹೊಲಿಗೆಯನ್ನ ಬೆರಳಲ್ಲಿ ಸವರಿ ನೋಡ್ತಿದ್ದರು. ನಮ್ಮ ಹೆಜ್ಜೆ ಸದ್ದಿಗೇ ಗುರುತು ಹಿಡಿದರು.

"ಬಾ ಮಗಾ. ನಿನ್ನೆ ರಾತ್ರಿ ಆ ಹುಡುಗಿ ಬಂದಿದ್ಲು."

ಇವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನಿನ್ನ ಮಾತು ನಾನು ಪೂರ್ತಿ ನಂಬಿರಲಿಲ್ಲ, ಅಷ್ಟುದ್ದ ತೋಳು ಯಾರಿಗಿರುತ್ತೆ ಅಂತ. ಕೈಯಲ್ಲೇ ಮುಟ್ಟಿ ನೋಡಿದೆ. ಭುಜಕ್ಕೂ ಸರಿ, ತೋಳಿಗೂ ಸರಿ." ಅಂಗಿಯನ್ನ ಮಡಿಸಿ ಪಕ್ಕಕ್ಕಿಟ್ಟರು. "ಎಲ್ಲ ಹೋಯ್ತಂತೆ. ನನ್ನ ಕಣ್ಣಿಗೆ ಈಗ ಗೆರೆ ಕಾಣಲ್ಲ ಮಗಾ, ಮತ್ತೆ ಬರೆಯೋ ಹಾಗೂ ಇಲ್ಲ. ತಪ್ಪೆಲ್ಲ ತನ್ನದೇ ಅಂದ್ಲು. ಅಣ್ಣನಿಗೆ ಏನೂ ಗೊತ್ತಿಲ್ಲ ಅಂದ್ಲು. ಪಾಪದ ಹುಡುಗಿ… ಅವಳನ್ನ ಕೆಲಸದಿಂದ ತೆಗೀಬೇಡಪ್ಪ."

ನಾನು ಅವನ ಮುಖಾನೇ ನೋಡ್ತಿದ್ದೆ. ತಪ್ಪಿಸಿಕೊಳ್ಳೋಕೆ ದಾರಿ ಸಿಕ್ಕಿತ್ತಲ್ಲ, 'ಆಗಲಿ ಅಮ್ಮ, ತೆಗಿಯಲ್ಲ' ಅಂದುಬಿಟ್ಟರೆ ಸಾಕಿತ್ತು. ಅವನು ಅದನ್ನೇ ಯೋಚನೆ ಮಾಡ್ತಿದ್ದ, ನನಗೆ ಗೊತ್ತು. ಇಂಥವನ ಅಕ್ಕ ಅನ್ನಿಸಿಕೊಂಡೆನಲ್ಲ, ಭೂಮಿ ಬಾಯಿಬಿಟ್ಟು ನನ್ನನ್ನ ನುಂಗಬಾರದಾ ಅನ್ನಿಸಿತು.

ಆಮೇಲೆ ಅವನು ಅವರ ಕಾಲ ಹತ್ತಿರ ಕುಸಿದು ಕೂತ.

"ಅಮ್ಮ, ಅವಳಲ್ಲ. ನಾನು. ಸರ್ವರೂ ನಂದಲ್ಲ, ನಕಲೂ ಇರ್ಲಿಲ್ಲ. ಕಾಗದ ಎಸೀರಿ ಅಂದೋನೂ ನಾನೇ. ರಾತ್ರಿ ಪಾಳಿ ಅಂತ ಯಾರೂ ಇಲ್ಲಮ್ಮ… ಅಂಥೋಳು ಯಾರೂ ಇಲ್ಲ."

ಟೈಲರಮ್ಮ ಅವನ ತಲೆ ಮೇಲೆ ಕೈ ಇಟ್ಟರು. ಮುಖ ಮಾತ್ರ ನಮ್ಮ ಹಿಂದೆ, ಮೂಲೆಯ ಕಡೆ ತಿರುಗಿತು.

"ಶ್… ಅವಳ ಎದುರಿಗೇ ಹಂಗನ್ನಬಾರದಪ್ಪ. ಬೇಜಾರು ಮಾಡ್ಕೊಳ್ತಾಳೆ."

ನಾವಿಬ್ಬರೂ ತಿರುಗಲಿಲ್ಲ. ತಿರುಗೋಕೆ ಆಗಲಿಲ್ಲ. ಹಿಂದಿನಿಂದ ಸುರ್… ಅಂತ ಮೂಗು ಎಳೆದುಕೊಂಡ ಸದ್ದು. ಆಮೇಲೆ ಬೆತ್ತದ ಕುರ್ಚಿ ಕಿರುಕ್… ಅಂತು, ಕೂತವರು ಎದ್ದಾಗ ಬರುತ್ತಲ್ಲ, ಹಾಗೆ. ಹೆಜ್ಜೆ ಸದ್ದು ಇಲ್ಲ.

ಇವನು ನೆಲ ನೋಡಿಕೊಂಡೇ, ಪಿಸುಮಾತಿನಲ್ಲಿ "ಕ್ಷಮಿಸಮ್ಮ" ಅಂದ. ಟೈಲರಮ್ಮನಿಗಲ್ಲ.

ನಾನು ತಿರುಗಿದೆ. ಖಾಲಿ ಕುರ್ಚಿ. ಬಾಗಿಲಿಗೆ ಹೋಗಬೇಕಾದರೆ ನಮ್ಮನ್ನ ದಾಟಿಯೇ ಹೋಗಬೇಕು, ಯಾರೂ ಹಾಯ್ದು ಹೋಗಿರಲಿಲ್ಲ. ಧೈರ್ಯ ಮಾಡಿ ಹತ್ತಿರ ಹೋಗಿ ಕುರ್ಚಿಯ ಮೇಲೆ ಕೈ ಇಟ್ಟು ನೋಡಿದೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದೇ ಕೈ. ಕುರ್ಚಿ ಬೆಚ್ಚಗಿತ್ತು.