ವಾಸನೆ ಹೋದ ಮೇಲೆ

"1976, ಮಾರ್ಚ್ 11, ಗುರುವಾರ. ಆಕಾಶ ತಿಳಿ. ಗಾಳಿ ಇಲ್ಲ..." ಜುಂಜಯ್ಯ ಸತ್ತ ದಿನ ನಾನು ಬರೆದಿರೋದು ಇಷ್ಟೇ ನಾಗಕ್ಕ. ಎಣ್ಣೆ ಹುಡುಕೋರ ಪುಸ್ತಕದಲ್ಲಿ ಮೊದಲು ತಾರೀಖು, ಆಮೇಲೆ ಹವಾ, ಆಮೇಲೆ ಕಲ್ಲು. ಮನುಷ್ಯರ ವಿಚಾರ ಬರೆಯೋ ರೂಢಿ ಇಲ್ಲ.

ಯಾಕೆ ನಗ್ತೀರಿ?... ಹೌದು. ಗಾಳಿ ಇಲ್ಲ ಅಂತ ಬರೆದೋನು ಅವನ ಹೆಸರು ಬರೀಲಿಲ್ಲ.

ಕಂಬಳಿ ಬ್ಯಾಡ, ಕೂರೋಕೆ ಈ ಕುರಿರೊಪ್ಪದ ಕಲ್ಲೇ ಸಾಕು. ನೀವು ಉಣ್ಣೆ ನೂಲ್ತಾನೇ ಕೇಳ್ರಿ. ನಿಮ್ಮ ಗಂಡನ್ನ ಇರಾಕಿಗೆ ಕರ್ಕಂಡು ಹೋದೋನು ನಾನು. ಅದಕ್ಕೇ ಈ ಕಾಗದ ಟಪಾಲಿಗೆ ಹಾಕದೆ ನಿಮ್ಮೂರು ತಾಳ್ಯಕ್ಕೆ ನಾನೇ ತಂದೆ. ಹೆಬ್ಬೆಟ್ಟು ಒತ್ತಿಬಿಟ್ರೆ ಕಂಪನಿ ಲೆಕ್ಕ ಮುಗೀತು. ಒತ್ತೀರಾ?... ಮೊದಲು ಹೇಳ್ಬೇಕಾ? ಆಗಲಿ.

ಹನ್ನೆರಡು ವರ್ಷ ಹುಡುಕಿದೀನಿ ನಾನು. ಇಲ್ಲಿ ಕೊರೀರಿ ಅಂತ ಏಳು ಕಡೆ ಗುರುತು ಹಾಕ್ದೆ. ಏಳೂ ಖಾಲಿ. ಇರಾಕಿನ ಆ ಬಾವಿ ಎಂಟನೇದು. ಅವತ್ತು ಬೆಳಿಗ್ಗೆ ಕೊಳೆತ ಮೊಟ್ಟೆ ವಾಸನೆ ಬಂತು. ಭೂಮಿಯೊಳಗಿನ ವಿಷದ ಗಾಳಿ ಅದು, ತಗ್ಗಿನಲ್ಲಿ ನಿಲ್ತೈತೆ. ಎಲ್ರೂ ದಿಬ್ಬಕ್ಕೆ ಓಡಿದ್ವಿ. ಬಾವಿಯಿಂದ ಬಂದ ಕಲ್ಲುಪುಡಿ ಕೆಳಗೆ ತೊಟ್ಟಿಯಲ್ಲಿತ್ತು. ಅದನ್ನ ಚೀಲಕ್ಕೆ ತುಂಬೋದೇ ಜುಂಜಯ್ಯನ ಕೆಲಸ. ಬೇಗ ತುಂಬದಿದ್ರೆ ಒಂದರೊಳಗೊಂದು ಬೆರೆತು, ಯಾವುದು ಎಷ್ಟು ಆಳದ್ದು ಅಂತ ಗೊತ್ತಾಗಲ್ಲ... ಸ್ವಲ್ಪ ಹೊತ್ತಿಗೆ ವಾಸನೆ ಹೋಯ್ತು. ಅವನು ಇಳಿದುಬಿಟ್ಟ. ಹೇಳಲಿಲ್ಲ, ಕೇಳಲಿಲ್ಲ. ರಿಪೋರ್ಟಿನಲ್ಲೂ ಹಂಗೇ ಐತೆ.

ಯಾಕೆ ರಾಟಿ ನಿಲ್ಲಿಸಿದ್ರಿ?

ಹೇಳದೆ ಹೋದ ಅಂದೆನಲ್ಲ! ಆತುರದ ಮನುಷ್ಯ... ಅಲ್ಲ ಅಂತೀರಾ? ಸರಿ. ಅಲ್ಲ. ನೀರು ಕುಡಿಯೋಕೂ "ಸಾ, ಕುಡೀಲಾ?" ಅನ್ನೋನು. ನಾವು ಆಡ್ಕೊಳ್ತಿದ್ವಿ, "ಲೇ ಜುಂಜ, ಸೀನೋಕೂ ಅಪ್ಪಣೆ ಬೇಕೇನೋ?" ಅಂತ. "ಬ್ಯಾರೇರ ಹೊಲದಾಗೆ ಕುರಿ ನಿಲ್ಲಿಸಿ ಬೆಳೆದೋನು ನಾನು. ಕೇಳ್ದೆ ಕಾಲಿಟ್ರೆ ಬಡೀತಾರೆ ಸಾ" ಅಂತ ಅವನೂ ನಗೋನು...

ಹಂಗೆ ನೋಡಬ್ಯಾಡ್ರಿ ನಾಗಕ್ಕ. ಬೈರಿ.

...ಕೇಳ್ದ. ಅವತ್ತೂ ಕೇಳ್ದ. "ಸಾ, ವಾಸನೆ ಹೋತು. ಇಳೀಲಾ?" ಅಂದ.

ಆ ಗಾಳಿ ಜಾಸ್ತಿ ಆದ್ರೆ ಮೂಗು ಸತ್ತುಹೋಗ್ತೈತೆ. ವಾಸನೆ ಹೋಯ್ತು ಅಂದ್ರೆ ವಿಷ ಹೋಯ್ತು ಅಂತ ಅಲ್ಲ. ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೊಸಬರಿಗೆ ಪಾಠ ಹೇಳ್ತಿದ್ದೋನೇ ನಾನು! ವಿಷಗಾಳಿ ತಡೆಯೋ ಮುಖವಾಡ ತರೋಕೆ ಆಳು ಹೋಗಿದ್ದ, ಹತ್ತು ನಿಮಿಷ ಕಾಯಬೇಕಿತ್ತು. ಎಂಟನೇದೂ ಖಾಲಿ ಆದ್ರೆ ಅನ್ನೋದೊಂದೇ ತಲೇಲಿ... "ಹೋಗು" ಅಂದೆ.

ಎಣ್ಣೇನಾ? ಸಿಗಲಿಲ್ಲ. ಉಪ್ಪುನೀರು.

ನಾನು ಕಳಿಸ್ದೆ ಅಂತ ಬರೆದಿದ್ರೆ ನನ್ನ ಕೆಲಸ ಹೋಗ್ತಿತ್ತು. ತಾನಾಗಿ ಹೋದ ಅಂತ ಬರೆದೆ. ತಾನಾಗಿ ಹೋಗಿ ಸತ್ತೋನಿಗೆ ಪರಿಹಾರ ಇಲ್ಲ. ಕಂಪನಿ ಕಾಯ್ದೆ... ಅದು ಬರೆಯೋವಾಗ್ಲೇ ನನಗೆ ಗೊತ್ತಿತ್ತು.

ಏನು, ಕಾಗದ ಓದ್ಲಾ?

ಆ ತಿಂಗಳಿನ ಹತ್ತು ದಿನದ ಸಂಬಳ, ಪೂರಾ. ಸತ್ತ ದಿನದ್ದು... ಅರ್ಧ.