ಗೋಡೆಯವನ ಕಣ್ಣು

ನಮ್ಮ ಪಕ್ಕದ ಮನೆಯ ಎರ್ಸಿಲಿಯಾಳಿಗೆ ಆದದ್ದು ಇದು. ಅವರಿವರ ಬಾಯಿಂದ ಕೇಳಿದ್ದಲ್ಲ... ಬಾಗಿಲು ಹಾಕಿ, ಹೇಳುತ್ತೇನೆ.

ಚಳಿಗಾಲ. ಸಂಜೆ ಐದಕ್ಕೇ ಕತ್ತಲು. ಕೆಲಸ ಮುಗಿಸಿ ಇಗರ್ಜಿಯ ಅಂಗಳದ ಬಾವಿ ದಾಟುತ್ತಿದ್ದಳು. ಹಿಂದೆ, ಇಗರ್ಜಿಯೊಳಗಿಂದ ಸದ್ದು. ಕಿರ್‍ರ್... ಕಿರ್‍ರ್... ಪಿನ್ನಿನಿಂದ ಯಾರೋ ಗಾರೆ ಕೆರೆಯುತ್ತಿದ್ದಾರೆ.

ಮುದುಕಿ ಬಂದಳು, ಅಂದುಕೊಂಡಳು. ಮೈಯೆಲ್ಲ ಉರಿಯಿತು.

ಮುದುಕಿ ಅಂದರೆ ಅವಳ ಅತ್ತೆ ದೊಮಿತಿಲ್ಲಾ. ಇಬ್ಬರ ಜಗಳ ಗೋಡೆಯ ಚಿತ್ರದ್ದು. ನಮ್ಮೂರಿನ ಸಾನ್ ಬ್ಯಾಜೊ ಇಗರ್ಜಿಯಲ್ಲಿ, ಹೆಬ್ಬಾಗಿಲಿನ ಒಳಗೋಡೆಯ ತುಂಬ ಕೊನೆಯ ತೀರ್ಪಿನ ದಿನವನ್ನು ಬರೆದಿದ್ದಾರೆ. ಮೇಲೆ ಕಮಾನಿನಡಿ ದೇವರು, ದೂತರು. ಕೆಳಗೆ, ಕೈಗೆಟಕುವಲ್ಲಿ, ಪಾಪಿಗಳನ್ನು ಎಳೆದೊಯ್ಯುವ ಸೈತಾನ. ಅವನಿಗೆ ಕಣ್ಣಿಲ್ಲ. ಹೆರಿಗೆಯಾದ ಪ್ರತಿ ಹೆಂಗಸೂ ತಲೆಪಿನ್ನಿನಿಂದ ಅವನ ಕಣ್ಣು ಕೆರೆದು ಬರಬೇಕು, ತನ್ನ ಕೂಸು ಅವನ ಕಣ್ಣಿಗೆ ಬೀಳಬಾರದು ಅಂತ. ಕೆರೆದು ಕೆರೆದು ಎರಡು ಕುಳಿ ಬಿದ್ದಿದ್ದವು.

ಎರ್ಸಿಲಿಯಾಳ ಕೆಲಸವೋ, ಹಾಳಾದ ಹಳೆಯ ಚಿತ್ರಗಳನ್ನು ಸರಿಮಾಡುವುದು.

"ಎಲ್ಲಾರೂ ಕೆರೆದಿದಾರೆ. ನಿಂದೇನು ದೊಡ್ಡಸ್ತಿಕೆ?" ಅಂದಿದ್ದಳು ಅತ್ತೆ, ಮೊಮ್ಮಗಳು ಲೀವಿಯಾಳನ್ನು ತೊಡೆಯ ಮೇಲೆ ಹಾಕಿಕೊಂಡು.

"ನಾನು ಚಿತ್ರ ಉಳಿಸೋಳು ಅತ್ತೆ, ಕೆರೆಯೋಳಲ್ಲ."

"ಉಳಿಸು ತಾಯಿ, ಉಳಿಸು. ಕೂಸನ್ನ ಯಾರು ಉಳಿಸ್ತಾರೆ?"

ಆ ಮಾತು ಚುಚ್ಚಿತು. ಅವಳ ಕಸುಬಿನವರಿಗೆ ಒಂದು ಕಟ್ಟಳೆಯಿದೆ: ಅಳಿಸಿಹೋದದ್ದು ಹೇಗಿತ್ತೆಂದು ಗೊತ್ತಿಲ್ಲದಿದ್ದರೆ ಬರೆಯಕೂಡದು, ಖಾಲಿ ಬಿಡಬೇಕು. ಆವತ್ತು ಅತ್ತೆಯ ಮೇಲಿನ ಹಟಕ್ಕೆ ಕುಳಿಗಳಿಗೆ ಹಸಿ ಸುಣ್ಣದ ಗಾರೆ ತುಂಬಿದಳು. ಎರಡು ಕಣ್ಣು ಬರೆದಳು. ನೆಟ್ಟಗೆ ಎದುರಿಗೆ ನೋಡುವ ಕಣ್ಣು.

ಈಗ ಈ ಸದ್ದು.

ವಾಪಸ್ ನುಗ್ಗಿದಳು. "ಅತ್ತೆ! ತೆಗೀರಿ ಕೈ!"

ಸದ್ದು ನಿಂತಿತು. ಟಾರ್ಚ್ ಹಾಕಿದಳು. ಕಂಬ, ಕಮಾನು, ಖಾಲಿ ಬೆಂಚು... ಯಾರೂ ಇಲ್ಲ. ಗೋಡೆಗೆ ಬೆಳಕು ಬಿಟ್ಟಳು. ಕಣ್ಣು ಎದುರಿಗೆ ನೋಡುತ್ತಿರಲಿಲ್ಲ. ಎಡಕ್ಕೆ ಹೊರಳಿದ್ದವು. ಎಡಕ್ಕಿರುವುದು ಅವಳ ಮನೆ.

ಬಿದ್ದೆನೋ ಎದ್ದೆನೋ ಅಂತ ಓಡಿದಳು. ಅತ್ತೆ ಒಲೆಯ ಮುಂದೆ ಕೂತಿದ್ದಳು, ಕೂಸು ಮಡಿಲಲ್ಲಿ. ಹೊರಗೆಲ್ಲ ಹಿಮ, ಅತ್ತೆಯ ಮೆಟ್ಟು ಮಾತ್ರ ಒದ್ದೆಯೇ ಆಗಿರಲಿಲ್ಲ.

"ಶ್... ಆಗ್ಲಿಂದ ಕೂಸು ರೆಪ್ಪೆ ಬಡೀತಿಲ್ಲ ಕಣೆ. ಇಗರ್ಜಿ ಕಡೆಗೇ ನೋಡ್ತಿದೆ. ಏನ್ ಮಾಡಿಬಂದೆ?"

"ಕಣ್ಣು... ಅವನಿಗೆ ಕಣ್ಣು ಬರೆದೆ."

ಅತ್ತೆ ಬೈಯಲಿಲ್ಲ. ತುರುಬಿನಿಂದ ಪಿನ್ನು ಕಿತ್ತು ಕೈಗಿಟ್ಟಳು. "ಹೋಗು. ಹೆತ್ತವಳೇ ಕೆರೀಬೇಕು."

ಮತ್ತೆ ಇಗರ್ಜಿಗೆ ಓಡಿ ಒಂದು ಕಣ್ಣು ಕೆರೆದಳು. ಆ ಚಳಿಯಲ್ಲೂ ಗಾರೆ ಬೆಚ್ಚಗಿತ್ತು. ಎರಡನೆಯದಕ್ಕೆ ಪಿನ್ನು ಇಟ್ಟಾಗ, ಕಿವಿಯ ಪಕ್ಕದಲ್ಲೇ ಪಿಸುಮಾತು.

"ನೀನೇ ಕೊಟ್ಟದ್ದಲ್ವಾ...?"

ಕಣ್ಣು ಮುಚ್ಚಿಕೊಂಡು ಒತ್ತಿದಳು. ಆ ಕ್ಷಣ ಮನೆಯಲ್ಲಿ ಕೂಸು ಕಿಟಾರನೆ ಚೀರಿತು. ಆ ಚೀರಾಟ ನಾನೂ ಕೇಳಿದ್ದೇನೆ.

ಲೀವಿಯಾ ಈಗ ಶಾಲೆಗೆ ಹೋಗುತ್ತಾಳೆ. ಕಣ್ಣಿಗೇನೂ ಆಗಿಲ್ಲ, ಡಾಕ್ಟರೂ ಅದನ್ನೇ ಹೇಳಿದರು. ಅತ್ತಾಗ ಮಾತ್ರ... ಮೊನ್ನೆ ನಮ್ಮ ಮೆಟ್ಟಿಲಲ್ಲಿ ಬಿದ್ದು ಅತ್ತಳು. ನನ್ನ ಕರವಸ್ತ್ರದಲ್ಲಿ ಕಣ್ಣೊರೆಸಿದೆ. ಒಣಗಿದ ಮೇಲೆ ಆ ಬಟ್ಟೆ ಬೆಳ್ಳಗಾಗಿ ಹಲಗೆಯ ಹಾಗೆ ಸೆಟೆದು ನಿಂತಿತು. ಸುಣ್ಣ. ನಂಬದಿದ್ದರೆ ಬಿಡಿ, ನನ್ನ ಕೈಯಾರೆ ಸೋಪು ಹಾಕಿ ಒಗೆದೆ. ಹೋಗಲಿಲ್ಲ.

ಕೆರೆಯಬೇಕಾಯಿತು.